ಗಿಡದ ಔಷಧಿ ಯೀಸ್ಟ್‌ನಲ್ಲಿ ತಯಾರಾಗುವುದು ಹೇಗೆ? ರೋಗಿಗಳಿಗೆ, ರೈತರಿಗೆ ಇದರಿಂದೇನು? ಇಲ್ಲಿದೆ ಸಂಪೂರ್ಣ ವಿವರ

ಕನ್ನಡದಲ್ಲಿ ಇದು ನಿತ್ಯಪುಷ್ಪ, ಕಾಶಿ ಕಣಗಿಲೆ. ಮುಂಬೈ, ಪುಣೆಯವರಿಗೆ ಸದಾಫುಲಿ, ದೆಹಲಿಯವರಿಗೆ ಸದಾಬಹಾರ್, ಚೆನ್ನೈಯವರಿಗೆ ನಿತ್ಯಕಲ್ಯಾಣಿ, ಹೈದರಾಬಾದಿನವರಿಗೆ ಬಿಳ್ಳ ಗನ್ನೇರು. ಅಪಾರ್ಟ್‌ಮೆಂಟ್ ಕಾಂಪೌಂಡ್ ಪಕ್ಕದಲ್ಲಿ, ಬಾಲ್ಕನಿಯ ಕುಂಡದಲ್ಲಿ ವರ್ಷವಿಡೀ ಗುಲಾಬಿ ಅಥವಾ ಬಿಳಿ ಬಣ್ಣದ ಐದು ದಳಗಳ ಹೂ ಬಿಡುವ ಗಿಡ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್, ಹಾಡ್ಜ್‌ಕಿನ್ ಲಿಂಫೋಮಾಗೆ ಬಳಸುವ ವಿನ್‌ಬ್ಲಾಸ್ಟಿನ್ ಎರಡೂ ಈ ಗಿಡದಿಂದಲೇ ಬಂದ ಔಷಧಿಗಳು.

ಗಿಡ ಎಲ್ಲೆಡೆ ಸಿಕ್ಕರೂ ಔಷಧಿ ಸುಲಭವಾಗಿ ಸಿಗುವುದಿಲ್ಲ. 1 ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. 1 ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು 2,000 ಕಿಲೋ. ಇದೇ ಕೆಲಸವನ್ನು ಬ್ರೆಡ್, ಪಾವ್ ಉಬ್ಬಿಸುವ ಯೀಸ್ಟ್‌ನಿಂದ ಮಾಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ವಿಜ್ಞಾನಿಗಳು 20 ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಪ್ರಯೋಗಾಲಯದಲ್ಲಿ ಉತ್ತರ ಸಿಕ್ಕಿದೆ: ಸಾಧ್ಯ. ಆದರೆ ಪ್ರಯೋಗಾಲಯದಿಂದ ಔಷಧಿ ಅಂಗಡಿಗೆ ಬರುವ ದಾರಿ ಬೇರೆಯೇ ಆಗಿದೆ. ಏನಿದು ತಂತ್ರಜ್ಞಾನ, ಎಲ್ಲಿ ಗೆದ್ದಿದೆ, ಎಲ್ಲಿ ನಿಂತಿದೆ, ಭಾರತಕ್ಕೆ ಏನು ಸಂಬಂಧ ಎಂಬ ವಿವರ ಇಲ್ಲಿದೆ.

ಮುಖ್ಯಾಂಶಗಳು

- ಗಿಡದ ಜೀನ್‌ಗಳನ್ನು ಯೀಸ್ಟ್ ಒಳಗೆ ಸೇರಿಸಿ, ಸಕ್ಕರೆಯಿಂದ ಔಷಧೀಯ ರಾಸಾಯನಿಕ ತಯಾರಿಸುವುದೇ ಈ ತಂತ್ರಜ್ಞಾನ.
- ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಈ ವಿಧಾನದಲ್ಲಿ ಕಾರ್ಖಾನೆ ಮಟ್ಟ ತಲುಪಿದ ಮೊದಲ ದೊಡ್ಡ ಉದಾಹರಣೆ. ಆದರೆ ಮಾರುಕಟ್ಟೆಯಲ್ಲಿ ಗಿಡದ ಔಷಧಿಯ ಎದುರು ಬೆಲೆಯಲ್ಲಿ ಸೋತಿತು.
- ನೋವು ನಿವಾರಕ, ಕ್ಯಾನ್ಸರ್ ಔಷಧಿ, ಲಸಿಕೆಯ ಅಂಶಗಳೂ ಈಗ ಯೀಸ್ಟ್‌ನಲ್ಲಿ ತಯಾರಾಗಿವೆ. ಹೆಚ್ಚಿನವುಗಳ ಪ್ರಮಾಣ ಲೀಟರ್‌ಗೆ ಮೈಕ್ರೋಗ್ರಾಂ ಲೆಕ್ಕದಲ್ಲಿದೆ.
- ಲೀಟರ್‌ಗೆ ಎಷ್ಟು ಸಿಗುತ್ತದೆ, ಗಿಡದಿಂದ ತೆಗೆದ ಔಷಧಿಗಿಂತ ಅಗ್ಗವೇ ಎಂಬ ಎರಡು ಪ್ರಶ್ನೆಗಳೇ ನಿರ್ಣಾಯಕ.

ಯೀಸ್ಟೇ ಯಾಕೆ?

ಯೀಸ್ಟ್ ಒಂದೇ ಕೋಶದ ಶಿಲೀಂಧ್ರ. ಬೇಕರಿಯಲ್ಲಿ, ಬಿಯರ್ ತಯಾರಿಕೆಯಲ್ಲಿ ಬಳಸುವ ಯೀಸ್ಟ್‌ನ ವೈಜ್ಞಾನಿಕ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಸಕ್ಕರೆ ತಿಂದು ಬೆಳೆಯುತ್ತದೆ, ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. ಸಾವಿರಾರು ವರ್ಷಗಳಿಂದ ಮನುಷ್ಯ ಇದನ್ನು ಪಳಗಿಸಿದ್ದಾನೆ. ಲಕ್ಷ ಲೀಟರ್ ಟ್ಯಾಂಕ್‌ನಲ್ಲಿ ಬೆಳೆಸುವ ಅನುಭವವೂ ಉದ್ಯಮಕ್ಕಿದೆ.

1996ರಲ್ಲಿ ಇದರ ಇಡೀ ಜೀನೋಮ್ ಓದಲಾಯಿತು. ಸುಮಾರು 6,000 ಜೀನ್‌ಗಳಿರುವ ಈ ಜೀವಿಯಲ್ಲಿ ಯಾವ ಜೀನ್ ಎಲ್ಲಿದೆ, ಯಾವುದನ್ನು ತೆಗೆದರೆ ಏನಾಗುತ್ತದೆ ಎಂಬುದರ ಬಗ್ಗೆ ಅಪಾರ ಮಾಹಿತಿ ಇದೆ. ಹೊಸ ಡಿಎನ್‌ಎ ತುಣುಕನ್ನು ತನ್ನ ವರ್ಣತಂತುವಿನೊಳಗೆ ಸೇರಿಸಿಕೊಳ್ಳುವುದರಲ್ಲೂ ಯೀಸ್ಟ್ ಪಳಗಿದ್ದು. ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಂದ ಮೇಲೆ ಈ ಕೆಲಸ ಇನ್ನಷ್ಟು ವೇಗ ಪಡೆದಿದೆ.

ಬ್ಯಾಕ್ಟೀರಿಯಾ ಯಾಕಲ್ಲ ಎಂದು ನೀವು ಕೇಳಬಹುದು. ಕೆಲವು ಹಂತಗಳಿಗೆ ಬ್ಯಾಕ್ಟೀರಿಯಾ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಗಿಡದ ಔಷಧೀಯ ರಾಸಾಯನಿಕಗಳನ್ನು ತಯಾರಿಸುವ ಅನೇಕ ಕಿಣ್ವಗಳು, ಮುಖ್ಯವಾಗಿ ಪಿ450 ಎಂಬ ಗುಂಪಿನವು, ಕೋಶದ ಒಳಗಿನ ಪೊರೆಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ಅಂತಹ ಒಳಪೊರೆಗಳು, ಒಳಕೋಣೆಗಳು ಗಿಡದ ಕೋಶದಂತೆ ಯೀಸ್ಟ್ ಕೋಶದಲ್ಲೂ ಇವೆ, ಬ್ಯಾಕ್ಟೀರಿಯಾದಲ್ಲಿ ಇಲ್ಲ.

ಯೀಸ್ಟ್‌ನಿಂದ ಇನ್ಸುಲಿನ್ ಈಗಾಗಲೇ ಬರುತ್ತಿದೆಯಲ್ಲವೇ?

ಹೌದು. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಪಿಚಿಯಾ ಎಂಬ ಜಾತಿಯ ಯೀಸ್ಟ್‌ನಲ್ಲಿ ತಯಾರಾದದ್ದು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ತಂದ ಹೆಪಟೈಟಿಸ್ ಬಿ ಲಸಿಕೆಯೂ ಯೀಸ್ಟ್‌ನ ಕೊಡುಗೆ. ಮನೆಯ ಫ್ರಿಜ್‌ನಲ್ಲಿ ಇನ್ಸುಲಿನ್ ಇಟ್ಟಿರುವ ಅನೇಕರು ಗೊತ್ತಿಲ್ಲದೆಯೇ ಈ ತಂತ್ರಜ್ಞಾನದ ಫಲಾನುಭವಿಗಳು.

ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಇನ್ಸುಲಿನ್ ಒಂದು ಪ್ರೋಟೀನ್. ಅದಕ್ಕೆ ಮುಖ್ಯವಾಗಿ ಒಂದು ಜೀನ್ ಸಾಕು. ಜೀನ್ ಸೇರಿಸಿದರೆ ಯೀಸ್ಟ್ ಆ ಪ್ರೋಟೀನ್ ತಯಾರಿಸುತ್ತದೆ. ಗಿಡದ ಔಷಧಿ ಹಾಗಲ್ಲ. ವಿನ್‌ಬ್ಲಾಸ್ಟಿನ್, ಮಾರ್ಫಿನ್, ಆರ್ಟೆಮಿಸಿನಿನ್‌ಗಳು ಪ್ರೋಟೀನ್‌ಗಳಲ್ಲ, ಸಣ್ಣ ಆದರೆ ಜಟಿಲವಾದ ರಾಸಾಯನಿಕಗಳು. ಗಿಡ ಇವನ್ನು ಒಂದೇ ಏಟಿಗೆ ತಯಾರಿಸುವುದಿಲ್ಲ. ಒಂದು ಕಿಣ್ವ ಒಂದು ಬದಲಾವಣೆ ಮಾಡಿ ಮುಂದಿನ ಕಿಣ್ವಕ್ಕೆ ದಾಟಿಸುತ್ತದೆ. ಹೀಗೆ 10, 20, 30 ಕೈ ದಾಟಿದ ಮೇಲೆ ಔಷಧಿ ಸಿದ್ಧ. ಪ್ರತಿ ಕಿಣ್ವಕ್ಕೂ ಒಂದು ಜೀನ್ ಬೇಕು. ಅಂದರೆ ಇಲ್ಲಿ ಯೀಸ್ಟ್‌ಗೆ ಒಬ್ಬ ಕೆಲಸಗಾರನನ್ನಲ್ಲ, ಇಡೀ ಕಾರ್ಖಾನೆಯ ಸಾಲನ್ನೇ ಸ್ಥಳಾಂತರಿಸಬೇಕು.

ಹೇಗೆ ಮಾಡುತ್ತಾರೆ? ಹಂತ ಹಂತವಾಗಿ

1. ಗಿಡದ ದಾರಿ ಪತ್ತೆ: ಯಾವ ಕಿಣ್ವದ ನಂತರ ಯಾವುದು ಎಂಬ ಸರಣಿಯನ್ನು ಮೊದಲು ಕಂಡುಹಿಡಿಯಬೇಕು. ಹೆಚ್ಚು ಸಮಯ ಹಿಡಿಯುವ ಹಂತ ಇದೇ. ನಿತ್ಯಪುಷ್ಪದಿಂದ ವಿನ್‌ಬ್ಲಾಸ್ಟಿನ್ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ. ಗಿಡ ಅದನ್ನು ತಯಾರಿಸುವ ದಾರಿಯಲ್ಲಿ ಬಾಕಿ ಉಳಿದಿದ್ದ ಕೊಂಡಿಗಳು ಪತ್ತೆಯಾಗಿ ಪ್ರಕಟವಾಗಿದ್ದು 2018ರಲ್ಲಿ, ಬ್ರಿಟನ್ನಿನ ಜಾನ್ ಇನ್ನೆಸ್ ಸೆಂಟರ್‌ನ ಸಾರಾ ಓಕಾನರ್ ತಂಡದಿಂದ.

2. ಜೀನ್ ಸೇರ್ಪಡೆ: ಬೇಕಾದ ಜೀನ್‌ಗಳ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಯೀಸ್ಟ್ ವರ್ಣತಂತುವಿಗೆ ಸೇರಿಸಲಾಗುತ್ತದೆ. ಎಲ್ಲ ಜೀನ್‌ಗಳೂ ಒಂದೇ ಗಿಡದ್ದಾಗಬೇಕಿಲ್ಲ. ಬೇರೆ ಗಿಡ, ಬ್ಯಾಕ್ಟೀರಿಯಾ, ಇಲಿಯ ಜೀನ್ ಚೆನ್ನಾಗಿ ಕೆಲಸ ಮಾಡಿದರೆ ಅದನ್ನೂ ಬಳಸುತ್ತಾರೆ.

3. ಯೀಸ್ಟ್‌ನ ಸ್ವಂತ ಕೆಲಸಕ್ಕೆ ಕಡಿವಾಣ: ಯೀಸ್ಟ್‌ಗೆ ತಾನು ಬೆಳೆಯುವುದೇ ಮುಖ್ಯ. ಔಷಧಿಗೆ ಬೇಕಾದ ಕಚ್ಚಾವಸ್ತುವನ್ನು ತನ್ನ ಪೊರೆ ಕಟ್ಟಲು ಬಳಸಿಕೊಳ್ಳುತ್ತದೆ. ಹಾಗಾಗಿ ಅದರ ಕೆಲವು ಜೀನ್‌ಗಳನ್ನು ತೆಗೆಯಬೇಕು, ಕೆಲವನ್ನು ತಗ್ಗಿಸಬೇಕು, ಕೆಲವನ್ನು ಹೆಚ್ಚಿಸಬೇಕು. ಅತಿಯಾದರೆ ಯೀಸ್ಟ್ ಸೊರಗುತ್ತದೆ.

4. ಟ್ಯಾಂಕ್‌ನಲ್ಲಿ ಹುದುಗಿಸುವುದು: ಸಕ್ಕರೆ, ಆಮ್ಲಜನಕ, ಉಷ್ಣಾಂಶ, ಆಮ್ಲೀಯತೆ ಎಲ್ಲವನ್ನೂ ನಿಯಂತ್ರಿಸಿ ದೊಡ್ಡ ಉಕ್ಕಿನ ಟ್ಯಾಂಕ್‌ಗಳಲ್ಲಿ ಬೆಳೆಸಲಾಗುತ್ತದೆ.

5. ಬೇರ್ಪಡಿಸಿ ಶುದ್ಧೀಕರಣ: ಕೊನೆಗೆ ಯೀಸ್ಟ್ ಕೋಶಗಳನ್ನು ಬೇರ್ಪಡಿಸಿ ಔಷಧೀಯ ಅಂಶವನ್ನು ಮಾತ್ರ ತೆಗೆಯಲಾಗುತ್ತದೆ. ಹಲವು ಸಲ ಕೊನೆಯ ಒಂದೆರಡು ಹಂತಗಳನ್ನು ರಸಾಯನ ವಿಜ್ಞಾನದ ವಿಧಾನದಿಂದ ಮುಗಿಸುತ್ತಾರೆ.

ಮೊದಲ ದೊಡ್ಡ ಪ್ರಯೋಗ: ಮಲೇರಿಯಾ ಔಷಧಿ

ಹಬ್ಬದ ಹೂಮಾಲೆಯಲ್ಲಿ ಕಾಣುವ ಘಮಘಮಿಸುವ ದವನ ನಿಮಗೆ ಗೊತ್ತಿರಬಹುದು. ಅದೇ ಕುಲಕ್ಕೆ ಸೇರಿದ ಇನ್ನೊಂದು ಗಿಡ ಆರ್ಟೆಮಿಸಿಯಾ ಆನುವಾ. ಚೀನಾದ ವಿಜ್ಞಾನಿ ತು ಯುಯು 1970ರ ದಶಕದ ಆರಂಭದಲ್ಲಿ ಇದರಿಂದ ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವ ಆರ್ಟೆಮಿಸಿನಿನ್ ಬೇರ್ಪಡಿಸಿದರು. 2015ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಸಿಕ್ಕಿತು. ಇಂದು ಫಾಲ್ಸಿಪಾರಂ ಮಲೇರಿಯಾಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವ ಮುಖ್ಯ ಚಿಕಿತ್ಸೆ ಆರ್ಟೆಮಿಸಿನಿನ್ ಆಧಾರಿತ ಸಂಯುಕ್ತ ಔಷಧಿಗಳೇ.

ಸಮಸ್ಯೆ ಇದ್ದದ್ದು ಪೂರೈಕೆಯಲ್ಲಿ. ಗಿಡ ಬಿತ್ತಿ, ಕೊಯ್ದು, ಒಣಗಿಸಿ, ಔಷಧಿ ತೆಗೆಯಲು ಒಂದು ವರ್ಷಕ್ಕೂ ಹೆಚ್ಚು ಸಮಯ ಬೇಕು. ಬೇಡಿಕೆ ಏರಿದ ವರ್ಷ ಬೆಲೆ ಗಗನಕ್ಕೇರುತ್ತದೆ. ಅದನ್ನು ನೋಡಿ ರೈತರೆಲ್ಲ ಬಿತ್ತಿದರೆ ಮರುವರ್ಷ ಬೆಲೆ ಪಾತಾಳಕ್ಕಿಳಿಯುತ್ತದೆ. ನಮ್ಮಲ್ಲಿ ಈರುಳ್ಳಿ, ಟೊಮೆಟೊಗೆ ಆಗುವ ಗತಿಯೇ. 2005ರಿಂದ 2008ರ ನಡುವೆ ಆರ್ಟೆಮಿಸಿನಿನ್ ಬೆಲೆ ಕಿಲೋಗೆ 120 ಡಾಲರ್‌ನಿಂದ 1,200 ಡಾಲರ್‌ವರೆಗೆ ಏರಿಳಿದಿತ್ತು.

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇ ಕೀಸ್ಲಿಂಗ್ ತಂಡ ಇದಕ್ಕೆ ಯೀಸ್ಟ್ ಮೂಲಕ ಪರಿಹಾರ ಹುಡುಕಿತು. 2004ರಲ್ಲಿ ಗೇಟ್ಸ್ ಫೌಂಡೇಶನ್‌ 4.26 ಕೋಟಿ ಡಾಲರ್ ನೆರವು ಘೋಷಿಸಿತು. 2006ರಲ್ಲಿ ಯೀಸ್ಟ್ ಒಂದು ಲೀಟರ್‌ಗೆ ಸುಮಾರು 100 ಮಿಲಿಗ್ರಾಂ ಆರ್ಟೆಮಿಸಿನಿಕ್ ಆಮ್ಲ ಕೊಟ್ಟಿತು. ಇದು ಆರ್ಟೆಮಿಸಿನಿನ್‌ಗೆ ಒಂದೆರಡು ಹೆಜ್ಜೆ ಹಿಂದಿನ ರೂಪ. ಕೀಸ್ಲಿಂಗ್ ಸಹ-ಸಂಸ್ಥಾಪಕರಾಗಿದ್ದ ಅಮೈರಿಸ್ ಕಂಪನಿ ಇದನ್ನು ಮುಂದುವರಿಸಿ, 2013ರಲ್ಲಿ ಲೀಟರ್‌ಗೆ 25 ಗ್ರಾಂ ತಲುಪಿದ್ದನ್ನು ಪ್ರಕಟಿಸಿತು. ಏಳು ವರ್ಷಗಳಲ್ಲಿ 250 ಪಟ್ಟು ಏರಿಕೆ.

ಯೀಸ್ಟ್ ಗೆದ್ದಿತು, ಕಾರ್ಖಾನೆ ನಿಂತಿತು

ಫ್ರಾನ್ಸ್‌ನ ಸನೋಫಿ ಕಂಪನಿ 2013ರಲ್ಲಿ ಇಟಲಿಯ ಗರೆಸ್ಸಿಯೊದಲ್ಲಿ ಉತ್ಪಾದನೆ ಶುರು ಮಾಡಿತು. ಯೀಸ್ಟ್ ಕೊಟ್ಟ ಆಮ್ಲವನ್ನು ಬೆಳಕು ಮತ್ತು ಆಮ್ಲಜನಕ ಬಳಸಿ ಆರ್ಟೆಮಿಸಿನಿನ್ ಆಗಿ ಪರಿವರ್ತಿಸುವ ಘಟಕ ಅದು. ಸಾಮರ್ಥ್ಯ ವರ್ಷಕ್ಕೆ 50ರಿಂದ 60 ಟನ್, ಅಂದರೆ ಅಂದಿನ ಜಾಗತಿಕ ಬೇಡಿಕೆಯ ಸುಮಾರು ಮೂರನೇ ಒಂದು ಭಾಗ. ಲಾಭವೂ ಬೇಡ, ನಷ್ಟವೂ ಬೇಡ ಎಂಬ ದರದಲ್ಲಿ, ಕಿಲೋಗೆ 350ರಿಂದ 400 ಡಾಲರ್‌ಗೆ ಮಾರುವ ಯೋಜನೆ.

ಆದರೆ ಅಷ್ಟರಲ್ಲಿ ಗಿಡ ಬೆಳೆಯುವವರು ಹೆಚ್ಚಾಗಿದ್ದರು. ಗಿಡದ ಆರ್ಟೆಮಿಸಿನಿನ್ ಬೆಲೆ ಕಿಲೋಗೆ 250 ಡಾಲರ್‌ಗಿಂತ ಕೆಳಗಿಳಿಯಿತು. ಮಾತ್ರೆ ತಯಾರಿಸುವ ಕಂಪನಿಗಳು ಸಹಜವಾಗಿ ಅಗ್ಗದ ಕಡೆ ಹೋದವು. 2015ರಲ್ಲಿ ಗರೆಸ್ಸಿಯೊದಲ್ಲಿ ಯೀಸ್ಟ್ ಮೂಲದ ಆರ್ಟೆಮಿಸಿನಿನ್ ಉತ್ಪಾದನೆ ಶೂನ್ಯ. ಬಳಿಕ ಸನೋಫಿ ಆ ಘಟಕವನ್ನು ಬಲ್ಗೇರಿಯಾದ ಹುವೆಫಾರ್ಮಾಗೆ ಮಾರಿತು.

ವಿಜ್ಞಾನ ಸೋಲಲಿಲ್ಲ ಎಂಬುದನ್ನು ಗಮನಿಸಿ. ಲೀಟರ್‌ಗೆ 25 ಗ್ರಾಂ ಎನ್ನುವುದು ಈ ಕ್ಷೇತ್ರದಲ್ಲಿ ಇಂದಿಗೂ ಅಸಾಧಾರಣ ಸಾಧನೆ. ಸೋತಿದ್ದು ಬೆಲೆಯಲ್ಲಿ. ಹೊಲದಲ್ಲಿ ಸುಲಭವಾಗಿ ಬೆಳೆಯುವ, ಎಲೆಯಲ್ಲಿ ಸಾಕಷ್ಟು ಔಷಧಿ ಇರುವ ಗಿಡದ ಎದುರು ಟ್ಯಾಂಕ್ ನಿಲ್ಲುವುದು ಕಷ್ಟ.

ಇನ್ನೊಂದು ಮುಖವೂ ಇದಕ್ಕಿದೆ. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ಸಾವಿರಾರು ಸಣ್ಣ ರೈತರು ಈ ಬೆಳೆಯನ್ನು ನಂಬಿದ್ದರು. ಯೀಸ್ಟ್ ಗೆದ್ದಿದ್ದರೆ ಅವರ ಗತಿ ಏನು ಎಂಬ ಪ್ರಶ್ನೆಯನ್ನು ಇಟಿಸಿ ಗ್ರೂಪ್‌ನಂತಹ ಸಂಘಟನೆಗಳು ಆಗಲೇ ಎತ್ತಿದ್ದವು. ಬೆಲೆ ಕುಸಿದರೆ ರೈತರಿಗೆ ನಷ್ಟ, ಏರಿದರೆ ರೋಗಿಗೆ ಕಷ್ಟ.

ಗಸಗಸೆ ಗಿಡದ ನೋವು ನಿವಾರಕಗಳು

ಪಾಯಸಕ್ಕೆ ಹಾಕುವ ಗಸಗಸೆ ಬರುವುದು ಅಫೀಮು ಗಿಡದಿಂದ. ಅದರ ಕಾಯಿಯ ಹಾಲಿನಲ್ಲಿರುವ ಮಾರ್ಫಿನ್, ಕೋಡೀನ್, ಥೀಬೈನ್‌ಗಳು ತೀವ್ರ ನೋವಿನ ಔಷಧಿಗಳಿಗೆ ಮೂಲ. 2015ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸ್ಮೋಲ್ಕೆ ತಂಡ, ಸಕ್ಕರೆಯಿಂದ ಆರಂಭಿಸಿ ಯೀಸ್ಟ್‌ನಲ್ಲೇ ಥೀಬೈನ್ ಮತ್ತು ಹೈಡ್ರೋಕೋಡೋನ್ ತಯಾರಿಸಿದ್ದನ್ನು ಪ್ರಕಟಿಸಿತು. ಥೀಬೈನ್‌ಗೆ 21, ಹೈಡ್ರೋಕೋಡೋನ್‌ಗೆ 23 ಕಿಣ್ವಗಳು ಬೇಕಾದವು. ಗಿಡ, ಬ್ಯಾಕ್ಟೀರಿಯಾ, ಇಲಿ ಎಲ್ಲದರ ಜೀನ್‌ಗಳೂ ಅದರಲ್ಲಿದ್ದವು.

ಆದರೆ ಪ್ರಮಾಣ? ಥೀಬೈನ್ ಲೀಟರ್‌ಗೆ ಸುಮಾರು 6 ಮೈಕ್ರೋಗ್ರಾಂ. ನೋವು ನಿವಾರಕದ ಒಂದೇ ಒಂದು ಡೋಸ್‌ಗೆ ಸುಮಾರು 16 ಸಾವಿರ ಲೀಟರ್ ಯೀಸ್ಟ್ ಬೇಕಾಗುತ್ತಿತ್ತು. ಅಂದರೆ ಒಬ್ಬ ರೋಗಿಯ ಒಂದು ಹೊತ್ತಿನ ಔಷಧಿಗೆ ಒಂದು ದೊಡ್ಡ ನೀರಿನ ಟ್ಯಾಂಕರ್‌ನಷ್ಟು.

ಸ್ಮೋಲ್ಕೆ ಸಹ-ಸಂಸ್ಥಾಪಕರಾಗಿರುವ ಆಂಥಿಯಾ ಎಂಬ ಕಂಪನಿ ಈ ಕೆಲಸವನ್ನು ಮುಂದುವರಿಸಿತು. 2024ರ ಆರಂಭದಲ್ಲಿ ಒಂದು ಲಕ್ಷ ಲೀಟರ್‌ಗೂ ದೊಡ್ಡ ಟ್ಯಾಂಕ್‌ನಲ್ಲಿ ಥೀಬೈನ್ ತಯಾರಿಸಿ ಪರೀಕ್ಷಿಸಿರುವುದಾಗಿ ಕಂಪನಿ ಘೋಷಿಸಿತು. ಪ್ರಯೋಗಾಲಯದ ಫ್ಲಾಸ್ಕ್‌ನಿಂದ ಇಲ್ಲಿಗೆ ಬರಲು ಎಂಟಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇದೇ ತಂಡ 2018ರಲ್ಲಿ ಕೆಮ್ಮಿನ ಔಷಧಿ ನೋಸ್ಕಪೀನ್ ತಯಾರಿಸಿತು. ಆರಂಭದ ಪ್ರಮಾಣವನ್ನು 18,000 ಪಟ್ಟು ಹೆಚ್ಚಿಸಿದ ಮೇಲೆ ಸಿಕ್ಕಿದ್ದು ಲೀಟರ್‌ಗೆ ಸುಮಾರು 2 ಮಿಲಿಗ್ರಾಂ. 2020ರಲ್ಲಿ ಪ್ರಶಾಂತ್ ಶ್ರೀನಿವಾಸನ್ ಮತ್ತು ಸ್ಮೋಲ್ಕೆ ದತ್ತೂರಿ ಜಾತಿಯ ಗಿಡಗಳಲ್ಲಿರುವ ಹಯೋಸೈಮೈನ್, ಸ್ಕೋಪೋಲಮೈನ್‌ಗಳನ್ನೂ ಯೀಸ್ಟ್‌ನಲ್ಲಿ ತಯಾರಿಸಿದರು. ವಾಂತಿ, ತಲೆಸುತ್ತು, ಸ್ನಾಯು ಸೆಳೆತದ ಚಿಕಿತ್ಸೆಯಲ್ಲಿ ಬಳಕೆಯಾಗುವ ಇವುಗಳಿಗಾಗಿ ಆಸ್ಟ್ರೇಲಿಯಾದಂತಹ ಕಡೆ ಡುಬೋಯಿಸಿಯಾ ಎಂಬ ಗಿಡ ಬೆಳೆಯುತ್ತಾರೆ. ಅಲ್ಲಿ ಬರ, ಕಾಡ್ಗಿಚ್ಚು ಬಂದರೆ ಜಗತ್ತಿನ ಆಸ್ಪತ್ರೆಗಳಿಗೆ ಬಿಸಿ ತಟ್ಟುತ್ತದೆ.

ನಿತ್ಯಪುಷ್ಪದ ಕ್ಯಾನ್ಸರ್ ಔಷಧಿ

ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಈ ಗಿಡವನ್ನು ಪರೀಕ್ಷಿಸಿದ್ದು ಮಧುಮೇಹಕ್ಕಾಗಿ. ಜಮೈಕಾದಲ್ಲಿ ಜನ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳ ರಕ್ತದ ಬಿಳಿ ಕಣಗಳು ಇಳಿದವು. ಬಿಳಿ ಕಣಗಳು ಮಿತಿಮೀರಿ ಹೆಚ್ಚುವುದೇ ರಕ್ತ ಕ್ಯಾನ್ಸರ್ ಆದ್ದರಿಂದ ಈ ಸುಳಿವು ಔಷಧಿಯಾಯಿತು. ಅಮೆರಿಕದಲ್ಲಿ 1963ರಲ್ಲಿ ವಿನ್‌ಕ್ರಿಸ್ಟಿನ್‌ಗೆ ಅನುಮತಿ ಸಿಕ್ಕಿತು. ಇಂದು ಎರಡೂ ಔಷಧಿಗಳು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ವಿನ್‌ಬ್ಲಾಸ್ಟಿನ್ ಎಂದರೆ ಕ್ಯಾಥರಾಂಥಿನ್ ಮತ್ತು ವಿಂಡೋಲಿನ್ ಎಂಬ ಎರಡು ಅರ್ಧಗಳ ಜೋಡಣೆ. ಗಿಡದಲ್ಲಿ ಇವೆರಡೂ ಎಲೆಯ ಬೇರೆ ಬೇರೆ ಭಾಗಗಳಲ್ಲಿ ಸಂಗ್ರಹವಾಗುತ್ತವೆ, ಒಂದಕ್ಕೊಂದು ಸೇರುವುದು ಕಡಿಮೆ. ಟನ್‌ಗಟ್ಟಲೆ ಎಲೆಗೆ ಗ್ರಾಂ ಲೆಕ್ಕದ ಔಷಧಿ ಸಿಗುವುದಕ್ಕೆ ಇದೂ ಒಂದು ಕಾರಣ.

2022ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯದ ಜೀ ಝಾಂಗ್, ಮೈಕಲ್ ಕ್ರೋ ಜೆನ್ಸನ್, ಜೇ ಕೀಸ್ಲಿಂಗ್ ಮತ್ತಿತರರ ತಂಡ ಈ ಎರಡೂ ಅರ್ಧಗಳನ್ನು ಯೀಸ್ಟ್‌ನಲ್ಲಿ ತಯಾರಿಸಿ, ಶುದ್ಧೀಕರಿಸಿ, ರಾಸಾಯನಿಕವಾಗಿ ಜೋಡಿಸಿ ವಿನ್‌ಬ್ಲಾಸ್ಟಿನ್ ಪಡೆಯಿತು. ಅದಕ್ಕಾಗಿ ಯೀಸ್ಟ್‌ನಲ್ಲಿ 56 ಜೀನ್ ಬದಲಾವಣೆ ಮಾಡಿದರು. ಗಿಡಗಳಿಂದ ಬಂದ ಜೀನ್‌ಗಳೇ 34. ಇಷ್ಟು ಉದ್ದದ ಸರಣಿಯನ್ನು ಯೀಸ್ಟ್‌ಗೆ ವರ್ಗಾಯಿಸಿದ ಕೆಲಸ ಅಲ್ಲಿಯವರೆಗೆ ಅಪರೂಪ.

ಈ ಸಾಧನೆಯ ಮಹತ್ವ ಒಂದು ಔಷಧಿಗೆ ಮುಗಿಯುವುದಿಲ್ಲ. ಈ ದಾರಿಯ ಮಧ್ಯೆ ಸ್ಟ್ರಿಕ್ಟೋಸಿಡಿನ್ ಎಂಬ ರಾಸಾಯನಿಕ ಬರುತ್ತದೆ. ಅದು ನಾಲ್ಕು ರಸ್ತೆ ಕೂಡುವ ಸರ್ಕಲ್ ಇದ್ದಂತೆ. ಮಲೇರಿಯಾದ ಹಳೆಯ ಔಷಧಿ ಕ್ವಿನೈನ್, ಸರ್ಪಗಂಧದ ರಿಸರ್ಪಿನ್ ಸೇರಿ ಸಾವಿರಾರು ರಾಸಾಯನಿಕಗಳಿಗೆ ಗಿಡಗಳು ಇಲ್ಲಿಂದಲೇ ತಿರುವು ತೆಗೆದುಕೊಳ್ಳುತ್ತವೆ. ಸರ್ಕಲ್‌ವರೆಗಿನ ರಸ್ತೆ ಸಿದ್ಧವಾದರೆ ಉಳಿದ ಊರುಗಳಿಗೆ ಹೋಗುವುದು ಸುಲಭ.

ಆದರೆ ಇಲ್ಲೂ ಪ್ರಮಾಣ ಲೀಟರ್‌ಗೆ ಮೈಕ್ರೋಗ್ರಾಂಗಳಲ್ಲೇ ಇತ್ತು.

ಲಸಿಕೆಗೂ ಯೀಸ್ಟ್ ನೆರವು

ಚಿಲಿ ದೇಶದ ಕ್ವಿಲ್ಲಾಜಾ ಎಂಬ ಸೋಪ್ ಮರದ ತೊಗಟೆಯಲ್ಲಿ ನೊರೆ ಬರುವ ಸಪೋನಿನ್‌ಗಳಿವೆ. ಲಸಿಕೆಗೆ ಇವನ್ನು ಸೇರಿಸಿದರೆ ದೇಹದ ರೋಗನಿರೋಧಕ ಪ್ರತಿಕ್ರಿಯೆ ಬಲವಾಗುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಮಲೇರಿಯಾ ಲಸಿಕೆಯಲ್ಲಿ ಬಳಸುವ ಮ್ಯಾಟ್ರಿಕ್ಸ್-ಎಂ ಇದೇ ಮರದ ಸಪೋನಿನ್‌ಗಳಿಂದ ತಯಾರಾದದ್ದು. ಸರ್ಪಸುತ್ತಿನ ಶಿಂಗ್ರಿಕ್ಸ್ ಲಸಿಕೆಯಲ್ಲಿ ಕ್ಯೂಎಸ್-21 ಎಂಬ ಸಪೋನಿನ್ ಇದೆ.

2024ರಲ್ಲಿ ಕೀಸ್ಲಿಂಗ್ ತಂಡ ಕ್ಯೂಎಸ್-21 ಅನ್ನು ಪೂರ್ತಿಯಾಗಿ ಯೀಸ್ಟ್‌ನಲ್ಲಿ ತಯಾರಿಸಿತು. ಆರು ಜೀವಿಗಳಿಂದ ತಂದ 38 ಕಿಣ್ವಗಳು ಬೇಕಾದವು. ಸಿಕ್ಕಿದ್ದು ಲೀಟರ್‌ಗೆ ಸುಮಾರು 100 ಮೈಕ್ರೋಗ್ರಾಂ. ಲಸಿಕೆಯ ಒಂದು ಡೋಸ್‌ಗೆ ಬೇಕಾಗುವುದೂ ಮೈಕ್ರೋಗ್ರಾಂ ಲೆಕ್ಕದಲ್ಲೇ ಆದ್ದರಿಂದ ಇಲ್ಲಿ ಸಣ್ಣ ಪ್ರಮಾಣಕ್ಕೂ ಬೆಲೆ ಇದೆ.

ಒಂದೇ ನೋಟದಲ್ಲಿ: ಲೀಟರ್‌ಗೆ ಎಷ್ಟು?

- ಆರ್ಟೆಮಿಸಿನಿಕ್ ಆಮ್ಲ (2013): 25 ಗ್ರಾಂ
- ನೋಸ್ಕಪೀನ್ (2018): ಸುಮಾರು 2 ಮಿಲಿಗ್ರಾಂ
- ಕ್ಯೂಎಸ್-21 (2024): ಸುಮಾರು 100 ಮೈಕ್ರೋಗ್ರಾಂ
- ಥೀಬೈನ್ (2015ರ ಮೊದಲ ಪ್ರಯೋಗ): ಸುಮಾರು 6 ಮೈಕ್ರೋಗ್ರಾಂ

25 ಗ್ರಾಂ ಎಂದರೆ 2.5 ಕೋಟಿ ಮೈಕ್ರೋಗ್ರಾಂ. ‘ಯೀಸ್ಟ್‌ನಿಂದ ಔಷಧಿ ತಯಾರಿಸಿದ ವಿಜ್ಞಾನಿಗಳು’ ಎಂಬ ಒಂದೇ ಬಗೆಯ ಶೀರ್ಷಿಕೆಯ ಹಿಂದೆ ಇಷ್ಟು ಅಂತರ ಇರಬಹುದು. ಈ ಅಂತರ ತುಂಬಲು ವರ್ಷಗಳ ಶ್ರಮ, ಕೋಟಿಗಟ್ಟಲೆ ಹಣ ಬೇಕು. ಆರ್ಟೆಮಿಸಿನಿನ್ ಯೀಸ್ಟ್‌ಗೆ ಸುಮಾರು 150 ಮಾನವ ವರ್ಷಗಳ ದುಡಿಮೆ ಹಿಡಿಯಿತು ಎಂದು ಕೀಸ್ಲಿಂಗ್ ಅಂದಾಜಿಸಿದ್ದರು. ಅಂದರೆ 15 ಜನ 10 ವರ್ಷ ದುಡಿದಷ್ಟು.

ಯಾವ ಔಷಧಿಗೆ ಈ ದಾರಿ ಲಾಭ?

ಇದುವರೆಗಿನ ಅನುಭವದಿಂದ ಒಂದು ಲೆಕ್ಕಾಚಾರ ಸಿಗುತ್ತದೆ. ಗಿಡ ಸುಲಭವಾಗಿ ಬೆಳೆದು, ಅದರಲ್ಲಿ ಔಷಧಿಯೂ ಹೆಚ್ಚಿದ್ದರೆ ಹೊಲವೇ ಅಗ್ಗ. ಗಿಡದಲ್ಲಿ ಔಷಧಿ ತೀರಾ ಕಡಿಮೆ ಇದ್ದು, ರೋಗಿಗೆ ಬೇಕಾದ ಡೋಸ್ ಚಿಕ್ಕದಾಗಿದ್ದು, ಬೆಲೆ ಹೆಚ್ಚಿದ್ದರೆ ಟ್ಯಾಂಕ್‌ಗೆ ಅವಕಾಶ. ವಿನ್‌ಕ್ರಿಸ್ಟಿನ್‌ನ ಒಂದು ಡೋಸ್ 1ರಿಂದ 2 ಮಿಲಿಗ್ರಾಂ ಮಾತ್ರ. ಹಾಗಾಗಿಯೇ ನಿತ್ಯಪುಷ್ಪದ ಮೇಲೆ ವಿಜ್ಞಾನಿಗಳಿಗೆ ಹೆಚ್ಚು ಭರವಸೆ.

ಒಂದು ಎಚ್ಚರಿಕೆಯೂ ಬೇಕು. ಔಷಧಿ ಕೊರತೆಗೆ ಗಿಡವೇ ಯಾವಾಗಲೂ ಕಾರಣವಲ್ಲ. 2019ರಲ್ಲಿ ಅಮೆರಿಕದಲ್ಲಿ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಗಳಿಗೆ ವಿನ್‌ಕ್ರಿಸ್ಟಿನ್ ಸಿಗದಂತಾಯಿತು. ಇದ್ದ ಇಬ್ಬರು ಪೂರೈಕೆದಾರರಲ್ಲಿ ಒಬ್ಬರು ಹಿಂದೆ ಸರಿದಿದ್ದರು, ಉಳಿದವರಲ್ಲಿ ಉತ್ಪಾದನೆ ವಿಳಂಬವಾಯಿತು. ಲಾಭ ಕಡಿಮೆ ಇರುವ ಹಳೆಯ ಔಷಧಿಗಳನ್ನು ತಯಾರಿಸುವವರೇ ಕಡಿಮೆಯಾದರೆ ಯೀಸ್ಟ್ ಒಂದರಿಂದಲೇ ಆ ಸಮಸ್ಯೆ ಬಗೆಹರಿಯದು.

ಭಾರತಕ್ಕೆ ಏನು ಸಂಬಂಧ?

ರೈತರು: ತಮಿಳುನಾಡು ಸೇರಿ ಹಲವು ರಾಜ್ಯಗಳಲ್ಲಿ ನಿತ್ಯಪುಷ್ಪವನ್ನು ಬೆಳೆಯಾಗಿ ಬೆಳೆಯುತ್ತಾರೆ, ಎಲೆ ಮತ್ತು ಬೇರು ವಿದೇಶಕ್ಕೂ ಹೋಗುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರೆ. ಗ್ವಾಲಿಯರ್‌ನಲ್ಲಿರುವ ಕೇಂದ್ರೀಯ ಮಾದಕವಸ್ತು ಬ್ಯೂರೋ ಇದರ ಮೇಲುಸ್ತುವಾರಿ ನೋಡುತ್ತದೆ. ಯೀಸ್ಟ್ ಮೂಲದ ಥೀಬೈನ್ ಅಗ್ಗವಾದರೆ ಮಂದಸೌರ್, ನೀಮಚ್‌ನ ಹೊಲಗಳಿಗೂ ಅದರ ಪರಿಣಾಮ ತಟ್ಟಬಹುದು.

ಕಾಡು: ಪಶ್ಚಿಮ ಘಟ್ಟದಲ್ಲಿ ಬೆಳೆಯುವ, ಕನ್ನಡದಲ್ಲಿ ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ ಎನ್ನುವ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳಿಗೆ ಇದೇ ಮೂಲ. ಬೇಡಿಕೆಗಾಗಿ ಕಡಿದು ಸಾಗಿಸಿದ್ದರಿಂದ ಕರ್ನಾಟಕ, ಮಹಾರಾಷ್ಟ್ರದ ಕಾಡುಗಳಲ್ಲಿ ಈ ಮರ ಕುಸಿದಿದೆ. ಇಂತಹ ಕಡೆ ಟ್ಯಾಂಕ್‌ನಲ್ಲಿ ತಯಾರಾಗುವ ಔಷಧಿ ಕಾಡಿಗೇ ವರದಾನವಾಗಬಲ್ಲದು.

ಕಾನೂನು: ಜೀನ್ ಬದಲಿಸಿದ ಸೂಕ್ಷ್ಮಜೀವಿಗಳ ಬಳಕೆಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರೂಪಿಸಿದ ನಿಯಮಗಳು ಅನ್ವಯ. ಮಾರ್ಫಿನ್, ಕೋಡೀನ್, ಥೀಬೈನ್‌ಗಳು 1985ರ ಎನ್‌ಡಿಪಿಎಸ್ ಕಾಯ್ದೆಯ ನಿಯಂತ್ರಣದಲ್ಲಿವೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಬಯೋಇ3 ನೀತಿ ಜೈವಿಕ ಉತ್ಪಾದನೆಗೆ ಒತ್ತು ಕೊಡುತ್ತದೆ.

ಗಿಡ ನಮ್ಮದು, ಲಾಭ ಯಾರದ್ದು?

ಹಿಂದೆ ಔಷಧಿ ಬೇಕಾದರೆ ಗಿಡವನ್ನೇ ಒಯ್ಯಬೇಕಿತ್ತು. ಈಗ ಜೀನ್‌ನ ಮಾಹಿತಿ ಅಂತರ್ಜಾಲದ ಮುಕ್ತ ಭಂಡಾರದಲ್ಲಿದ್ದರೆ ಸಾಕು, ಡಿಎನ್‌ಎಯನ್ನು ಎಲ್ಲಿ ಬೇಕಾದರೂ ತಯಾರಿಸಬಹುದು. ಹಾಗಿದ್ದಾಗ ಗಿಡ ಬೆಳೆದ ದೇಶಕ್ಕೆ, ಅದರ ಗುಣ ಅರಿತಿದ್ದ ಜನರಿಗೆ ಪಾಲು ಸಿಗುವುದು ಹೇಗೆ?

ಭಾರತದ ಜೀವವೈವಿಧ್ಯ ಕಾಯ್ದೆ 2002, ಅಂತಾರಾಷ್ಟ್ರೀಯ ನಗೋಯಾ ಒಪ್ಪಂದ ಎರಡೂ ಲಾಭ ಹಂಚಿಕೆಯ ಬಗ್ಗೆ ಹೇಳುತ್ತವೆ. ಡಿಜಿಟಲ್ ಜೀನ್ ಮಾಹಿತಿಯ ಬಗ್ಗೆ ವರ್ಷಗಟ್ಟಲೆ ವಾದ ನಡೆದು, 2024ರಲ್ಲಿ ಕೊಲಂಬಿಯಾದ ಕ್ಯಾಲಿಯಲ್ಲಿ ನಡೆದ ವಿಶ್ವಸಂಸ್ಥೆಯ ಜೀವವೈವಿಧ್ಯ ಸಮ್ಮೇಳನದಲ್ಲಿ ‘ಕ್ಯಾಲಿ ನಿಧಿ’ಗೆ ಒಪ್ಪಿಗೆ ಸಿಕ್ಕಿತು. ಇಂತಹ ಮಾಹಿತಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ಆದಾಯದ ಶೇ 0.1ರಷ್ಟನ್ನು ಕೊಡಬೇಕು ಎಂಬುದು ಸೂಚಿತ ದರ. ಆದರೆ ಇದು ಕಡ್ಡಾಯವಲ್ಲ.

ಓದುಗರ ಸಾಮಾನ್ಯ ಪ್ರಶ್ನೆಗಳು

ಯೀಸ್ಟ್‌ನ ಔಷಧಿ ಗಿಡದ ಔಷಧಿಯಷ್ಟೇ ಪರಿಣಾಮಕಾರಿಯೇ?
ಶುದ್ಧೀಕರಿಸಿದ ಮೇಲೆ ರಾಸಾಯನಿಕ ಒಂದೇ. ಶುದ್ಧತೆ, ಸುರಕ್ಷತೆಯ ಪರೀಕ್ಷೆಗಳನ್ನು ಎರಡೂ ದಾಟಬೇಕು. ಯೀಸ್ಟ್ ಮೂಲದ ಆರ್ಟೆಮಿಸಿನಿನ್‌ಗೆ 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತ್ತು.

ರೋಗಿಯ ದೇಹಕ್ಕೆ ಯೀಸ್ಟ್ ಹೋಗುತ್ತದೆಯೇ?
ಇಲ್ಲ. ಯೀಸ್ಟ್ ಕೋಶಗಳನ್ನು ಬೇರ್ಪಡಿಸಿ ಔಷಧೀಯ ಅಂಶವನ್ನಷ್ಟೇ ಬಳಸುತ್ತಾರೆ.

ಮನೆಯಲ್ಲೇ ಯಾರಾದರೂ ಇಂತಹ ಯೀಸ್ಟ್‌ನಿಂದ ಮಾದಕವಸ್ತು ತಯಾರಿಸಿದರೆ?
2015ರಲ್ಲಿ ಇದೇ ಆತಂಕ ಎದ್ದಿತ್ತು. ಇಂತಹ ಯೀಸ್ಟ್ ತಳಿಗಳಿಗೆ ಕಟ್ಟುನಿಟ್ಟಿನ ಭದ್ರತೆ ಬೇಕು ಎಂದು ತಜ್ಞರು ನೇಚರ್ ಪತ್ರಿಕೆಯಲ್ಲಿ ಬರೆದರು. ಸ್ಮೋಲ್ಕೆ ತಂಡ ಮನೆಯಲ್ಲಿ ಬಿಯರ್ ತಯಾರಿಸುವ ವಿಧಾನದಲ್ಲೇ ತನ್ನ ಯೀಸ್ಟ್ ಬೆಳೆಸಿ ನೋಡಿದಾಗ ಮಾದಕ ಅಂಶ ತಯಾರಾಗಲಿಲ್ಲ. ಆದರೂ ತಳಿಗಳು ಸುಧಾರಿಸಿದಂತೆ ಭದ್ರತೆಯೂ ಹೆಚ್ಚಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮನೆ ಮುಂದಿನ ನಿತ್ಯಪುಷ್ಪದ ಎಲೆ ಕಷಾಯ ಮಾಡಿ ಕುಡಿಯಬಹುದೇ?
ಬೇಡ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಅಂಶವೇ ಆರೋಗ್ಯವಂತ ಕೋಶಗಳಿಗೂ ವಿಷ. ಆಸ್ಪತ್ರೆಯಲ್ಲಿ ಈ ಔಷಧಿಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ವೈದ್ಯರ ನಿಗಾದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಎಲೆಯಲ್ಲಿ ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲಾಗದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಂತೂ ವೈದ್ಯರಿಗೆ ತಿಳಿಸದೆ ಇಂತಹ ಯಾವ ಕಷಾಯವನ್ನೂ ಸೇವಿಸಬಾರದು.

ಮುಂದೆ ಇಂತಹ ಸುದ್ದಿ ಓದುವಾಗ ಏನು ಗಮನಿಸಬೇಕು?

- ಲೀಟರ್‌ಗೆ ಎಷ್ಟು ಸಿಕ್ಕಿದೆ? ಗ್ರಾಂ, ಮಿಲಿಗ್ರಾಂ, ಮೈಕ್ರೋಗ್ರಾಂ ಇದರಲ್ಲಿ ಯಾವುದು?
- ಫ್ಲಾಸ್ಕ್‌ನಲ್ಲೋ, ಸಾವಿರಾರು ಲೀಟರ್ ಟ್ಯಾಂಕ್‌ನಲ್ಲೋ?
- ಪೂರ್ತಿ ಔಷಧಿಯೋ, ಅದರ ಹಿಂದಿನ ಒಂದು ರೂಪವೋ?
- ಗಿಡದಿಂದ ತೆಗೆದ ಔಷಧಿಯ ಇಂದಿನ ಬೆಲೆ ಎಷ್ಟು?
- ಈಗ ಆ ಗಿಡ ಬೆಳೆಯುತ್ತಿರುವವರು ಯಾರು, ಅವರಿಗೆ ಬದಲಿ ದಾರಿ ಇದೆಯೇ?

ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಪ್ರಯೋಗಾಲಯದಲ್ಲಿ ಸಿಗುತ್ತದೆ. ಕೊನೆಯ ಎರಡಕ್ಕೆ ಮಾರುಕಟ್ಟೆ ಮತ್ತು ಸರ್ಕಾರ ಉತ್ತರಿಸಬೇಕು. ಐದಕ್ಕೂ ಉತ್ತರ ಸಿಕ್ಕ ಮೇಲಷ್ಟೇ ಯೀಸ್ಟ್‌ನ ಔಷಧಿ ಆಸ್ಪತ್ರೆಯ ವಾರ್ಡ್‌ವರೆಗೆ ಬರಬಲ್ಲದು.